ಎಲ್ಕ್ ಅಲ್ಲದ ಎಲ್ಕು, ಹಂದಿ ಅಲ್ಲದ ಹಂದಿ

ಹೋದ್ ತಿಂಗ್ಳು ಒಂದು ಕಾಡುಪ್ರಾಣಿಗಳ ಬ್ರೋಷರ್ ಜರ್ಮನ್ನಿಂದ ಇಂಗ್ಲಿಷ್‌ಗೆ ಮಾಡ್ಕೊಡೋ ಕೆಲ್ಸ ಬಂದಿತ್ತು, ಹದಿನೈದೇ ಪುಟ, ಅದೇನ್ ಮಹಾ ಅಂತ ರಾತ್ರಿ ಊಟ ಆದ್ಮೇಲೆ ಕೂತೆ. 'ಎಲ್ಶ್' ಅಂತ ಇತ್ತು, ಕಣ್ಮುಚ್ಕೊಂಡು 'ಎಲ್ಕ್' ಅಂತ ಟೈಪ್ ಮಾಡ್ದೆ. ನೋಡಕ್ಕೆ ಅಣ್ತಮ್ಮಂದಿರ ಥರ ಇದಾವಲ್ಲ! ಮಾರನೇ ದಿನ ಅಮೆರಿಕದ ಎಡಿಟರ್ ಕಡೆಯಿಂದ ಒಂದೇ ಲೈನು: ಫೋಟೋದಲ್ಲಿರೋದು ಮೂಸ್ ಅಲ್ವಾ?

ನೋಡಿದ್ರೆ ಹೌದು, ಅಂಗೈ ಬಿಚ್ಚಿಟ್ಟಂಗೆ ಅಗಲ ಕೊಂಬು, ಜೋತುಬಿದ್ದ ಮೂತಿ. ಕಥೆ ಏನಂದ್ರೆ ಬ್ರಿಟಿಷರು ಯುರೋಪಿನ ಈ ಪ್ರಾಣೀನ ಎಲ್ಕ್ ಅಂತಾನೇ ಕರೀತಾರೆ, ಆದ್ರೆ ಅವ್ರ ದ್ವೀಪದಲ್ಲಿ ಅದು ಬಹಳ ಹಿಂದೇನೇ ನಿರ್ನಾಮ ಆಗಿ ಬರೀ ಹೆಸ್ರು ಉಳ್ಕೊಂಡಿತ್ತು, ಅಮೆರಿಕಕ್ಕೆ ಹೋದೋರು ಅಲ್ಲಿ ಕಂಡ ಬೇರೆ ಯಾವ್ದೋ ದೊಡ್ಡ ಜಿಂಕೆಗೆ ಅದನ್ನ ಅಂಟಿಸ್ಬಿಟ್ರು, ಆ ಜಿಂಕೆ ಜರ್ಮನ್ನರಿಗೆ ವಾಪಿಟಿ. ಅಸಲಿ ಎಲ್ಕ್‌ಗೆ ಅಲ್ಲಿನ ಮೂಲನಿವಾಸಿಗಳ ಮಾತಿಂದ 'ಮೂಸ್' ಬಂತು. ಆವತ್ತಿಂದ ಲ್ಯಾಟಿನ್ ಹೆಸ್ರು ನೋಡ್ದೆ ಒಂದು ಪ್ರಾಣೀನೂ ಮುಟ್ಟಲ್ಲ ನಾನು. ಆಲ್ಸೆಸ್ ಆಲ್ಸೆಸ್ ಅಂದ್ರೆ ಮೂಸ್, ಸರ್ವಸ್ ಕೆನಡೆನ್ಸಿಸ್ ಅಂದ್ರೆ ವಾಪಿಟಿ, ಜಗಳ ಇಲ್ಲ. ಜರ್ಮನ್ನರ ಬುಸಾರ್ಡ್, ಅಂದ್ರೆ ಗಿಡುಗದ ಥರದ ಬೇಟೆ ಹಕ್ಕಿ, ಅದ್ರದ್ದೂ ಇದೇ ಪಾಡು, ಇಂಗ್ಲೆಂಡಲ್ಲಿ ಬಜರ್ಡ್ ಅಂತ ಬರೆದ್ರೆ ಸರಿಹೋಗತ್ತೆ, ಅಮೆರಿಕದಲ್ಲಿ ಜನ ರಣಹದ್ದು ಅಂದ್ಕೋತಾರೆ.

ವಿಚಿತ್ರವಾಗಿ ಕೇಳ್ಸೋ ಹೆಸರುಗಳು ಪಾಪ ಇಷ್ಟು ಕಾಟ ಕೊಡಲ್ಲ. ಫೌಲ್‌ಟೀರ್ ಅಂದ್ರೆ ಸೋಮಾರಿ ಪ್ರಾಣಿ, ಇಂಗ್ಲಿಷ್ ಸ್ಲಾತ್‌ಗೂ ಸೋಮಾರಿತನ ಅಂತಾನೇ ಅರ್ಥ, ಮುಗೀತು. ಶಿಲ್ಡ್‌ಕ್ರೋಟ, ಗುರಾಣಿ ಹೊತ್ತ ಕಪ್ಪೆ, ಅಂದ್ರೆ ನಮ್ಮ ಆಮೆ, ಅದು ಮಾತ್ರ ಸ್ವಲ್ಪ ಕಿರಿಕಿರಿ: ಕನ್ನಡದ ಥರಾನೇ ನೆಲದ್ದು ನೀರಿಂದು ಎಲ್ಲಕ್ಕೂ ಒಂದೇ ಪದ, ಇಂಗ್ಲಿಷಲ್ಲಿ ಟಾರ್ಟಸ್ಸಾ ಟರ್ಟಲ್ಲಾ ಅಂತ ಆರಿಸ್ಕೋಬೇಕು.

ಶ್ಟಾಖೆಲ್‌ಶ್ವೈನ್ ಬಂದಾಗಂತೂ ಒಬ್ಳೇ ಕೂತು ನಕ್ಕೆ. ಶ್ಟಾಖೆಲ್ ಅಂದ್ರೆ ಮುಳ್ಳು, ಶ್ವೈನ್ ಅಂದ್ರೆ ಹಂದಿ, ಥೇಟ್ ನಮ್ಮ ಮುಳ್ಳುಹಂದಿ! ಪಾರ್ಕ್ಯುಪೈನ್ ಒಳಗೂ ಪೋರ್ಕ್ ಅಡಗಿದೆ, ಮೂರು ಭಾಷೆ ಸೇರಿ ಒಂದು ಇಲಿಜಾತಿ ಪ್ರಾಣೀನ ಹಂದಿ ಮಾಡಿವೆ. ಗಿನಿ ಪಿಗ್‌ಗೆ ಜರ್ಮನ್ನಲ್ಲಿ ಮೇರ್‌ಶ್ವೈನ್‌ಶೆನ್, ಸಮುದ್ರದ ಹಂದಿಮರಿ ಅಂತ, ಆದ್ರೆ ಅದು ಆಂಡಿಸ್ ಬೆಟ್ಟದ ಕಡೇದು, ಆಫ್ರಿಕಾದ ಗಿನೀಗೂ ಸಂಬಂಧ ಇಲ್ಲ ಸಮುದ್ರಕ್ಕೂ ಇಲ್ಲ.

ಬ್ರೋಷರ್ ಕೊನೇ ಪುಟದಲ್ಲಿ ಈಗೆಲ್ ಇತ್ತು. ಹೆಡ್ಜ್‌ಹಾಗ್ ಅಂತ ಟೈಪ್ ಮಾಡ್ತಾ ನೋಡ್ತೀನಿ, ಹಾಗ್ ಅಂದ್ರೂ ಹಂದಿನೇ, ಜರ್ಮನ್ನರು ಹಂದೀನ ಬಿಟ್ಟಿರೋ ಕಡೆ ಇಂಗ್ಲಿಷರು ತಂದು ಕೂರ್ಸಿದಾರೆ.