ವಂಶವೃಕ್ಷದ ಫೈಲ್ ಸುಮ್ನೆ ಕಳಿಸಿಬಿಡಬಾರದಾ?

ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದೇನೆ ಅಂತ ಗೊತ್ತಾದ ನೆಂಟರೆಲ್ಲ ಕೇಳುವುದು ಇದೇ ಪ್ರಶ್ನೆ. ಕಳಿಸಬಹುದು, ಆದರೆ ನಾನು ಕಳಿಸುವುದಿಲ್ಲ. ಅದರ ಬದಲು ಅವರವರ ಕವಲಿನ ಒಂದೆರಡು ಪುಟ ಕಳಿಸುತ್ತೇನೆ.

ಆ ಫೈಲ್ ಹೇಗಿರುತ್ತದೆ ಅಂತ ಒಮ್ಮೆ ನೋಡಬೇಕು. ಬಹುತೇಕ ಸಾಫ್ಟ್‌ವೇರ್‌ಗಳು ಮಾಹಿತಿ ಸಾಗಿಸಲು ಬಳಸುವುದು ಜೆಡ್‌ಕಾಮ್ ಎಂಬ ಮಾದರಿಯನ್ನು. 1984ರಿಂದ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಸಾಲುಗಳು. ಪ್ರತಿ ಸಾಲಿನ ಮೊದಲು ಒಂದು ಅಂಕಿ. ಒಬ್ಬ ವ್ಯಕ್ತಿ ಶುರುವಾಗುವ ಸಾಲಿಗೆ 0, ಅವರ ಜನನಕ್ಕೆ 1, ಅದರ ಕೆಳಗಿನ ತಾರೀಖಿಗೆ 2. ಸಾಫ್ಟ್‌ವೇರ್‌ಗೆ ಇದು ಸಲೀಸು. ಫೋನಿನಲ್ಲಿ ತೆರೆಯುವ ಚಿಕ್ಕಮ್ಮನಿಗೆ ತಲೆಬುಡ ಗೊತ್ತಾಗುವುದಿಲ್ಲ.

ಫೋಟೋಗಳಂತೂ ಅದರೊಳಗೆ ಇರುವುದೇ ಇಲ್ಲ. ಅವು ನನ್ನ ಕಂಪ್ಯೂಟರಿನಲ್ಲಿ ಎಲ್ಲಿವೆ ಎಂಬ ವಿಳಾಸ ಮಾತ್ರ ಹೋಗುತ್ತದೆ. 2021ರಲ್ಲಿ ಬಂದ ಜೆಡ್‌ಕಾಮ್ 7.0 ಆವೃತ್ತಿಯಲ್ಲಿ ಫೋಟೋ ಸಮೇತ ಒಂದೇ ಗಂಟು ಕಟ್ಟಬಹುದು. ಆದರೆ ಪಡೆಯುವವರ ಸಾಫ್ಟ್‌ವೇರ್‌ಗೂ ಅದು ಬರಬೇಕಲ್ಲ. ಹಳೆಯ ಆವೃತ್ತಿಯಲ್ಲಿ ಕಳಿಸುವುದಾದರೆ ಅಕ್ಷರಗಳನ್ನು ಉಳಿಸುವ ವಿಧಾನಗಳಲ್ಲಿ ಕನ್ನಡಕ್ಕೂ ಒಗ್ಗುವ ಯುಟಿಎಫ್-8 ಆರಿಸಿಕೊಳ್ಳಿ, ಇಲ್ಲದಿದ್ದರೆ ಕನ್ನಡದ ಹೆಸರುಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಬಂದೀತು.

ನನಗೆ ಜಾಸ್ತಿ ಯೋಚನೆ ಬದುಕಿರುವವರದು. ಹುಟ್ಟಿದ ದಿನ, ತಾಯಿಯ ಮದುವೆಗೆ ಮುಂಚಿನ ಹೆಸರು: ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳು ಇವೇ ಅಲ್ವಾ? ಎಕ್ಸ್‌ಪೋರ್ಟ್ ಮಾಡುವಾಗ ಬದುಕಿರುವವರನ್ನು ಬಿಡುವ ಆಯ್ಕೆ ಗ್ರ್ಯಾಂಪ್ಸ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ಇದೆ. ಆದರೆ ಯಾರು ಬದುಕಿದ್ದಾರೆ ಎಂದು ಅದು ತಾರೀಖುಗಳನ್ನು ನೋಡಿ ಅಂದಾಜು ಮಾಡುತ್ತದೆ. ತೀರಿಕೊಂಡ ದಿನ ಗೊತ್ತಿಲ್ಲದಿದ್ದರೂ ತೀರಿಕೊಂಡಿದ್ದಾರೆ ಎಂದಷ್ಟಾದರೂ ದಾಖಲಿಸಿ. ಆಯ್ಕೆ ಒತ್ತಿದ ಮೇಲೆ ಫೈಲ್ ತೆರೆದು ಹುಡುಕಿಯೂ ನೋಡಿ. ಅಜ್ಜನ ಟಿಪ್ಪಣಿಯೊಳಗೆ ಮೊಮ್ಮಗಳ ಫೋನ್ ನಂಬರ್ ಬರೆದಿಟ್ಟಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಹಿಡಿಯುವುದಿಲ್ಲ.

ಹಾಗಾದರೆ ಆನ್‌ಲೈನ್? ಫ್ಯಾಮಿಲಿಸರ್ಚ್ ಎಂಬ ವಂಶವೃಕ್ಷದ ತಾಣದಲ್ಲಿ ಲೋಕಕ್ಕೆಲ್ಲ ಒಂದೇ ಮರ. ತೀರಿಕೊಂಡವರ ವಿವರವನ್ನು ಯಾರು ಬೇಕಾದರೂ ತಿದ್ದಬಹುದು. ಒಂದೇ ಹೆಸರಿನ ತಾತ ಮತ್ತು ಮೊಮ್ಮಗನನ್ನು ಯಾರೋ ಒಬ್ಬರನ್ನಾಗಿ ಸೇರಿಸಿದರೆ ಬಿಡಿಸುವ ಕೆಲಸ ನಿಮ್ಮ ತಲೆಗೇ. ನಿಮ್ಮದೇ ಖಾಸಗಿ ಮರ ಇಡುವಂಥ ತಾಣವಾದರೆ ನೋಡುವ ಅವಕಾಶ ಎಲ್ಲರಿಗೂ ಇರಲಿ, ತಿದ್ದುವ ಅವಕಾಶ ಒಬ್ಬಿಬ್ಬರಿಗೆ ಸಾಕು.

ನಾನು ಕಳಿಸುವ ಪುಟಗಳ ಗುಟ್ಟು ಇಷ್ಟೇ: ಖಾಲಿ ಜಾಗಗಳನ್ನು ಖಾಲಿಯಾಗಿಯೇ ಬಿಡುತ್ತೇನೆ. "ತಪ್ಪಿದ್ದರೆ ಹೇಳಿ" ಅಂದರೆ ಹೆಬ್ಬೆರಳಿನ ಚಿತ್ರ ಬರುತ್ತದೆ, ಅಲ್ಲಿಗೆ ಮುಗಿಯಿತು. ಅದೇ "ದೊಡ್ಡಮ್ಮನ ಅತ್ತೆಯ ಹೆಸರಿನ ಜಾಗ ಖಾಲಿ ಇದೆ, ನಿಮಗೆ ಗೊತ್ತಾ?" ಅಂತ ಕೇಳಿದರೆ ಫೋನೇ ಬರುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ, ಅದೂ ಒಳ್ಳೆಯದೇ. ಎರಡನ್ನೂ ಬರೆದುಕೊಂಡು, ಯಾರು ಯಾವಾಗ ಹೇಳಿದರು ಅಂತ ಪಕ್ಕದಲ್ಲಿ ಸೇರಿಸುತ್ತೇನೆ.

ಪೂರ್ತಿ ಫೈಲ್ ಕೊಡುವುದು ಈ ಕೆಲಸ ಮುಂದುವರಿಸುತ್ತೇನೆ ಅನ್ನುವವರಿಗೆ ಮಾತ್ರ. ಫೋಟೋಗಳ ಫೋಲ್ಡರ್ ಜೊತೆಗೆ, ಫೈಲ್ ಹೆಸರಿನಲ್ಲಿ ತಾರೀಖು ಹಾಕಿ. ಇನ್ನು ಮುಂದೆ ಮೂಲ ಪ್ರತಿ ಯಾರ ಬಳಿ ಇರಬೇಕು ಅನ್ನುವುದನ್ನು ಕಳಿಸುವ ಮೊದಲೇ ಮಾತಾಡಿಕೊಂಡು.