ಬಿಸಿಯಾದ ಮೇಲೆ ತಪ್ಪುವ ಮೂರನೇ ಸಿಲಿಂಡರ್

ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರೊಂದು ನಮ್ಮ ವರ್ಕ್‌ಶಾಪಿಗೆ ಬರುವಷ್ಟರಲ್ಲಿ ಅದರ ಸ್ಪಾರ್ಕ್ ಪ್ಲಗ್‌ಗಳು, ಇಗ್ನಿಷನ್ ಕಾಯಿಲ್‌ಗಳು ಮತ್ತು ಮೂರನೇ ಸಿಲಿಂಡರಿನ ಇಂಜೆಕ್ಟರ್ ಬೇರೆಡೆ ಬದಲಾಗಿದ್ದವು. ಆದರೂ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಎಂಜಿನ್ ನಡುಗುತ್ತಿತ್ತು, ಸ್ಕ್ಯಾನರ್ ಪಿ0303 ಎಂಬ ಕೋಡನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು. ಆ ಕೋಡ್ ಹೇಳುವುದು ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಇದೆ, ಅಂದರೆ ಪೆಟ್ರೋಲ್-ಗಾಳಿಯ ಮಿಶ್ರಣ ಸರಿಯಾಗಿ ಉರಿಯುತ್ತಿಲ್ಲ ಎಂಬುದನ್ನು ಮಾತ್ರ. ಕ್ರ್ಯಾಂಕ್‌ಶಾಫ್ಟಿನ ವೇಗದಲ್ಲಿ ಆಗುವ ಸಣ್ಣ ಏರಿಳಿತದಿಂದ ಕಂಪ್ಯೂಟರ್ ಅದನ್ನು ಗುರುತಿಸುತ್ತದೆಯೇ ಹೊರತು ಕಾರಣ ಅದಕ್ಕೆ ತಿಳಿಯದು.

ಮಾಲೀಕರು ಹೇಳಿದ ಎರಡು ಸಂಗತಿಗಳು ನನಗೆ ಆ ಕೋಡಿಗಿಂತ ಮುಖ್ಯವೆನಿಸಿದವು. ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಸರಿಯಾಗಿಯೇ ಓಡುತ್ತದೆ, ಪೂರ್ತಿ ಬಿಸಿಯಾದ ಮೇಲೆ ನಿಂತಲ್ಲಿ ನಡುಗತೊಡಗುತ್ತದೆ. ಆಗಲೂ ಆಕ್ಸಿಲರೇಟರ್ ಒತ್ತಿದರೆ ನಡುಕ ನಿಲ್ಲುತ್ತದೆ. ದುರ್ಬಲ ಕಾಯಿಲ್ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ವರ್ತಿಸುತ್ತದೆ, ಏಕೆಂದರೆ ಲೋಡ್ ಹೆಚ್ಚಿ ಸಿಲಿಂಡರಿನ ಒತ್ತಡ ಏರಿದಂತೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ.

ಕಡಿಮೆ ಸುತ್ತುಗಳಲ್ಲಿ ಮಾತ್ರ ಕಾಣುವ ಮಿಸ್‌ಫೈರ್‌ಗೆ ಮೊದಲ ಅನುಮಾನ ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಗಾಳಿ ಸೋರಿಕೆಯ ಮೇಲೆ ಹೋಗುವುದು ನ್ಯಾಯವೇ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ ಇರುವುದರಿಂದ ಬಿರುಕು ಬಿಟ್ಟ ಒಂದು ಹೋಸ್ ಸಾಕು, ಮಿಶ್ರಣ ತೆಳುವಾಗುತ್ತದೆ. ಥ್ರಾಟಲ್ ತೆರೆದಾಗ ಅದೇ ಸೋರಿಕೆ ಒಟ್ಟು ಗಾಳಿಯಲ್ಲಿ ನಗಣ್ಯವಾಗುತ್ತದೆ. ಹೊಗೆ ಹಾಯಿಸಿ ನೋಡಿದೆವು, ಸೋರಿಕೆ ಇರಲಿಲ್ಲ. ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಪ್ರಮಾಣದಲ್ಲಿ ಮಾಡುವ ತಿದ್ದುಪಡಿ) ಸ್ವಲ್ಪ ಧನಾತ್ಮಕವಾಗಿತ್ತು ನಿಜ, ಆದರೆ ಅದನ್ನು ಸೋರಿಕೆಗೆ ಸಾಕ್ಷಿಯೆಂದು ಹಿಡಿಯುವಂತಿಲ್ಲ. ಉರಿಯದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕ ಹೊರಬರುತ್ತದೆ, ಆಕ್ಸಿಜನ್ ಸೆನ್ಸರ್ ಅದನ್ನೇ ತೆಳು ಮಿಶ್ರಣವೆಂದು ಓದಿ ಕಂಪ್ಯೂಟರಿನಿಂದ ಹೆಚ್ಚು ಪೆಟ್ರೋಲ್ ಹಾಕಿಸುತ್ತದೆ. ಎಷ್ಟೋ ಒಳ್ಳೆಯ ಇಂಜೆಕ್ಟರ್‌ಗಳು ವೃಥಾ ಬದಲಾಗುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ದಿಕ್ಕು ತೋರಿಸಿದ್ದು ಮ್ಯಾನಿಫೋಲ್ಡಿನೊಳಗಿನ ನಿರ್ವಾತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್. ಆರೋಗ್ಯವಂತ ಎಂಜಿನ್ನಿನಲ್ಲಿ ಐಡ್ಲಿಂಗ್ ವೇಳೆ ಅದರ ಮುಳ್ಳು ಸುಮಾರು 17ರಿಂದ 21 ಇಂಚು ಪಾದರಸದ ನಡುವೆ ಸ್ಥಿರವಾಗಿ ನಿಲ್ಲಬೇಕು. ಇಲ್ಲಿ ಅದು ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಕುಸಿದು ಮೇಲೇಳುತ್ತಿತ್ತು. ಯಾವುದೋ ಒಂದು ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲವೆಂಬ ಸೂಚನೆ ಅದು. ತಣ್ಣಗಿರುವಾಗ ಕಂಪ್ರೆಷನ್ (ಪಿಸ್ಟನ್ ಅದುಮಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) ಅಳೆದರೆ ನಾಲ್ಕೂ ಸಿಲಿಂಡರ್‌ಗಳು ಸಮವಾಗಿದ್ದವು. ಎಂಜಿನ್ ಬಿಸಿಯಾದ ಮೇಲೆ ಮತ್ತೆ ಅಳೆದಾಗ ಮೂರನೆಯದು ಮಾತ್ರ ಸುಮಾರು 12 ಬಾರ್‌ನಿಂದ 8ಕ್ಕೆ ಇಳಿದಿತ್ತು. ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು ಸಿಲಿಂಡರಿನೊಳಗೆ ಗಾಳಿ ತುಂಬಿದಾಗ ಸುಯ್ಯೆಂಬ ಸದ್ದು ಸೈಲೆನ್ಸರಿನ ಬಾಯಲ್ಲಿ ಕೇಳಿಸಿತು. ಥ್ರಾಟಲ್ ಕಡೆಯಿಂದ ಬಂದಿದ್ದರೆ ಇನ್‌ಟೇಕ್ ವಾಲ್ವ್, ಆಯಿಲ್ ತುಂಬುವ ಬಾಯಿಯಿಂದ ಬಂದಿದ್ದರೆ ಪಿಸ್ಟನ್ ರಿಂಗ್ ಎನ್ನಬಹುದಿತ್ತು.

ಕವರ್ ತೆಗೆದು ಸಂದು ಅಳೆಯುವ ಫೀಲರ್ ಗೇಜ್ ಹಾಕಿದಾಗ, 0.30 ಮಿಲಿಮೀಟರ್ ಇರಬೇಕಿದ್ದ ಎಕ್ಸಾಸ್ಟ್ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ತಳ್ಳಿ ತೆರೆಯುವ ಭಾಗಕ್ಕೂ ನಡುವಿನ ಅಂತರ, 0.05ಕ್ಕೆ ಬಂದು ನಿಂತಿತ್ತು. ವರ್ಷಗಳ ಬಳಕೆಯಲ್ಲಿ ವಾಲ್ವ್ ತನ್ನ ಸೀಟಿನೊಳಗೆ ಸವೆದು ಕೂರುತ್ತಾ ಹೋದಂತೆ ಈ ಅಂತರ ಕಿರಿದಾಗುತ್ತದೆ. ಉಳಿದದ್ದನ್ನು ಬಿಸಿಗೆ ಹಿಗ್ಗುವ ವಾಲ್ವಿನ ಕಾಂಡ ನುಂಗಿಬಿಡುತ್ತದೆ, ಆಗ ವಾಲ್ವ್ ಪೂರ್ತಿ ಮುಚ್ಚದೆ ಸೀಟಿನ ಬಳಿ ಸಣ್ಣ ಸಂದು ಉಳಿಯುತ್ತದೆ. 800 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕಿಗೆ 37.5 ಮಿಲಿಸೆಕೆಂಡ್ ಸಿಗುವುದರಿಂದ ಆ ಸಂದಿನಿಂದ ಒತ್ತಡ ಸೋರಿಹೋಗಲು ಸಮಯವಿರುತ್ತದೆ, 2500ರಲ್ಲಿ ಸಿಗುವುದು 12 ಮಿಲಿಸೆಕೆಂಡ್ ಮಾತ್ರ. ವೇಗ ಹೆಚ್ಚಿಸಿದರೆ ದೋಷ ಅಡಗಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಅಂತರ ಹೆಚ್ಚಾಗಿ ಸಡಿಲಗೊಂಡ ಟ್ಯಾಪೆಟ್ (ವಾಲ್ವನ್ನು ತಳ್ಳುವ ಭಾಗ) ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ವಾಲ್ವನ್ನು ಸುಡುತ್ತದೆ, ಏಕೆಂದರೆ ಸೀಟಿಗೆ ಒರಗದ ವಾಲ್ವ್ ತನ್ನ ಶಾಖವನ್ನು ಬಿಟ್ಟುಕೊಡಲಾರದು.

ವಾಲ್ವಿನ ಅಂಚು ಇನ್ನೂ ಸುಟ್ಟಿರಲಿಲ್ಲವಾದ್ದರಿಂದ ವಾಲ್ವ್‌ಗಳಿರುವ ಸಿಲಿಂಡರ್ ಹೆಡ್ ಇಳಿಸುವ ಅಗತ್ಯ ಬೀಳಲಿಲ್ಲ. ತೆಳುವಾದ ಶಿಮ್ (ಅಂತರ ಹೊಂದಿಸುವ ಲೋಹದ ಬಿಲ್ಲೆ) ಹಾಕಿ ಅಂತರ ಸರಿಪಡಿಸಿದೆವು, ಬಿಸಿಯಲ್ಲಿ ಅಳೆದ ಕಂಪ್ರೆಷನ್ ಉಳಿದ ಮೂರಕ್ಕೆ ಸಮನಾಯಿತು, ಗೇಜಿನ ಮುಳ್ಳು ನಿಂತಿತು. ಈ ಅಂತರವನ್ನು ತಾನೇ ಸರಿಹೊಂದಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇಲ್ಲದ ಹಳೆಯ ಎಂಜಿನ್ ಹೀಗೆ ನಡುಗುತ್ತಾ ಬಂದರೆ ಈಗ ನಾವು ಕಂಪ್ರೆಷನ್ನನ್ನು ತಣ್ಣಗಿರುವಾಗ ಒಮ್ಮೆ, ಬಿಸಿಯಾದಾಗ ಇನ್ನೊಮ್ಮೆ ಅಳೆದೇ ಮುಂದುವರಿಯುತ್ತೇವೆ. ಈ ಕಾರಿನ ಮಾಲೀಕರಿಗೆ ಮುಂದಿನ ಆಯಿಲ್ ಬದಲಾವಣೆಯ ಹೊತ್ತಿಗೆ ಕ್ಲಿಯರೆನ್ಸ್ ಮತ್ತೆ ನೋಡಿಸಲು ಬರೆದುಕೊಟ್ಟಿದ್ದೇವೆ: ಸೀಟು ಸವೆಯುತ್ತಲೇ ಇದ್ದರೆ ಅಂತರ ಪುನಃ ಮುಚ್ಚಿಕೊಳ್ಳುತ್ತದೆ, ಆಗ ಶಿಮ್ ಸಾಲದು, ಹೆಡ್ ಕೆಲಸವೇ ಆಗಬೇಕು.