ಅಂಬಿಗ ಕೂತ ಜಾಗ

ಬಾಗಲಕೋಟೆಯ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಹಳೆಯ ಸಾಮಾನುಗಳನ್ನು ದಾಖಲಿಸಿ, ಸ್ವಚ್ಛ ಮಾಡಿ, ಪ್ರದರ್ಶನಕ್ಕೆ ಅಣಿಗೊಳಿಸುವುದು ನನ್ನ ಕೆಲಸ. ನಮ್ಮದು ಕಡಲ ಸೀಮೆಯಲ್ಲ. ಆದರೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಹರಿಯುವ ಜಿಲ್ಲೆ. ಸೇತುವೆಗಳಾಗುವ ಮುಂಚೆ ಸಂತೆಗೆ, ಜಾತ್ರೆಗೆ, ಬೀಗರ ಊರಿಗೆ ಹೋಗಬೇಕೆಂದರೆ ಅಂಬಿಗರನ್ನೇ ಕೂಗಬೇಕಿತ್ತು. ಆಲಮಟ್ಟಿ ಹಿನ್ನೀರು ಏರಿದಾಗ ಊರುಗಳ ಜೊತೆ ಹೊಳೆ ದಾಟುವ ಜಾಗಗಳೂ ಮುಳುಗಿದವು. ಹಾಗಾಗಿ ಮುಳುಗಡೆ ಊರಿನ ಮನೆಯೊಂದರಿಂದ ಚರ್ಮದ ಹರಿಗೋಲು ಬಂದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

8 ಅಡಿ ಅಗಲದ್ದು. ಸೀಳಿದ ಬಿದಿರಿನ ದಬ್ಬೆಗಳನ್ನು ಅಡ್ಡಡ್ಡ ಹೆಣೆದು, ತಳವನ್ನು ದಟ್ಟವಾಗಿ ಕಟ್ಟಿ, ಹೊರಗೆ ಎಮ್ಮೆಯ ಚರ್ಮ ಹೊದಿಸಿದ್ದಾರೆ. ಈಗಿನ ಹರಿಗೋಲುಗಳಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ, ಚರ್ಮದ್ದು ಕಾಣುವುದೇ ಅಪರೂಪ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಹೊಳೆ ದಾಟಿಸುತ್ತಿದ್ದ ಬುಟ್ಟಿಯಂಥ ದೋಣಿಗಳ ಬಗ್ಗೆ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಹಿಡಿಸುತ್ತಿದ್ದರು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು. ಅದೇ ಕಸುಬು ನಮ್ಮ ಹಜಾರದೊಳಗೆ ಬಂದು ಕೂತಿತ್ತು.

ಅಂಚಿನ ಒಂದು ಕಡೆ, ಗೇಣಿನಷ್ಟು ಜಾಗದಲ್ಲಿ, ಸುತ್ತಿದ್ದ ಹಗ್ಗ ಸವೆದು ಬಿದಿರು ಕಾಣುತ್ತಿತ್ತು. ಉದ್ಘಾಟನೆಗೆ ನಾಲ್ಕೇ ದಿನ ಉಳಿದಿದ್ದವು. ಅದರ ಮೇಲೆ ಹೊಸ ಹುರಿಹಗ್ಗ ಸುತ್ತಿದೆ. ಚರ್ಮದ ತೇಪೆಗಳ ಸುತ್ತ ಕಪ್ಪಗೆ ಮೆತ್ತಿದ್ದ ಅಂಟನ್ನು ಕೊಳೆಯೆಂದುಕೊಂಡು ಮೂರು ಕಡೆ ಕೆರೆದೆ.

ಉದ್ಘಾಟನೆಯ ದಿನ ಆ ಮನೆಯ ಹಿರಿಯರು ಬಂದರು. ಅಂಚಿನ ಮೇಲೆ ಕೈಯಾಡಿಸುತ್ತ ಎರಡು ಸುತ್ತು ಹಾಕಿ ನಿಂತರು.

'ತಂಗೀ, ನಮ್ಮಪ್ಪ ಕುಂದರೋ ಜಾಗಾ ಎಲ್ಲಿ ಹೋತು?'

'ಯಾವ ಜಾಗಾರೀ ಅಜ್ಜಾ?'

ಅವರು ಮೊಣಕಾಲೂರಿ ಕೂತು ತೋರಿಸಿದರು. ದುಂಡಗಿನ ಹರಿಗೋಲನ್ನು ಹಿಂದೆ ಕೂತು ತಳ್ಳಿದರೆ ಬೀಸೋಕಲ್ಲಿನ ಹಾಗೆ ಗರಗರ ತಿರುಗುತ್ತದಂತೆ. ಅದಕ್ಕೆ ಅಂಬಿಗ ಮುಂದೆ ಕೂತು, ಹುಟ್ಟನ್ನು ಎದುರಿನ ನೀರಿಗಿಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಎಳೆದುಕೊಳ್ಳುತ್ತಾನೆ. ಪ್ರತಿ ಎಳೆತಕ್ಕೂ ಹುಟ್ಟು ಅಂಚಿನ ಅದೇ ಜಾಗಕ್ಕೆ ಉಜ್ಜುತ್ತದೆ. ಸುತ್ತಲೂ ಒಂದೇ ಥರ ಕಾಣುವ ಹರಿಗೋಲಿಗೂ ಮುಂದು ಹಿಂದು ಇತ್ತು. ಅದನ್ನು ಹೇಳುತ್ತಿದ್ದದ್ದು ಆ ಸವೆತವೊಂದೇ.

ಅದೇ ಸಂಜೆ ಹೊಸ ಹಗ್ಗ ಬಿಚ್ಚಿದೆ. ಹಳೆಯದರ ಮೇಲೆ ಸುತ್ತಿದ್ದರಿಂದ ಅಡಿಯದು ಹಾಗೇ ಉಳಿದಿತ್ತು. ಕೆರೆದ ಅಂಟು ಮಾತ್ರ ಹೋಯಿತು. ಪ್ರತಿ ತೇಪೆಗೆ ಕಾರಣವಾದ ಕಲ್ಲು ಯಾವುದು, ಹೊಳೆಯ ಯಾವ ತಿರುವಿನದು ಎಂದು ಅಜ್ಜನಿಗೆ ಗೊತ್ತಿತ್ತು, ಆ ಮೂರರ ಮುಂದೆ ಅವರು ಸುಮ್ಮನಾದರು.

'ಹಿಂಗ ಅಂಗಾತ ಇಡಬ್ಯಾಡ್ರಿ, ನೆರಳಾಗ ಬೋರಲ ಹಾಕ್ರಿ' ಎಂದೂ ಹೇಳಿ ಹೋದರು. ನಾವು ದೀಪದ ಬಿಸಿಗೆ ಒಡ್ಡಿ ಇಟ್ಟಿದ್ದೆವು. ನಮ್ಮ ಬೇಸಿಗೆಯಲ್ಲಿ ಚರ್ಮ ಒಣಗಿ ಕುಗ್ಗಿದರೆ ಬಿದಿರನ್ನೂ ಎಳೆದು ಮುರಿಯುತ್ತದೆ. ಮರುದಿನವೇ ಜಾಗ ಬದಲಿಸಿದೆವು.

ಈಗ ಯಾವ ಸಾಮಾನು ಬಂದರೂ ಬಂದ ಸ್ಥಿತಿಯಲ್ಲೇ ಎಲ್ಲ ಕಡೆಯಿಂದ ಫೋಟೋ ತೆಗೆಯುತ್ತೇನೆ. ಅದನ್ನು ಬಳಸಿದವರು ಮುಟ್ಟಿ ನೋಡುವವರೆಗೆ ಬ್ರಶ್ ಹಿಡಿಯುವುದಿಲ್ಲ. ನೋಂದಣಿ ಪುಸ್ತಕದಲ್ಲಿ 'ಅಳತೆ', 'ವಸ್ತು' ಕಾಲಮ್‌ಗಳ ಪಕ್ಕ 'ಸವೆತ ಎಲ್ಲಿ, ಯಾವುದರಿಂದ' ಎಂದು ಇನ್ನೊಂದು ಕಾಲಮ್ ಎಳೆದಿದ್ದೇನೆ.

ಮೊನ್ನೆ ಒಂದು ಬೀಸುಬಲೆ ಬಂದಿದೆ. ಗಂಟುಗಳಲ್ಲಿ ಕೆಸರು ಒಣಗಿದೆ, ಒಂದು ಕಡೆ ಬೇರೆ ಬಣ್ಣದ ದಾರದ ಹೊಲಿಗೆಯಿದೆ. ಬಟ್ಟೆ ಹಾಸಿ ಮಲಗಿಸಿಟ್ಟಿದ್ದೇನೆ. ಸೋಮವಾರ ಅಜ್ಜ ಬರುತ್ತೇನೆಂದಿದ್ದಾರೆ.